ಗಂಟು ಊರಿಗೆ ಬಂತು, ಗಂಟಿನ ರೊಕ್ಕ ಹೋತು

ಪುಣೆ, ಬೆಂಗಳೂರಿನಿಂದ ಗಡಿಹಳ್ಳಿಗೆ ಸಾಮಾನು ಕಳಿಸುವವರ ಜೇಬು ಹರಿಯುವುದೆಲ್ಲಿ?

ಸೊಲ್ಲಾಪುರ: ಏಪ್ರಿಲ್–ಮೇ ಬಂತೆಂದರೆ ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದ್ ಕಡೆಯಿಂದ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕಿನ ಹಳ್ಳಿಗಳಿಗೆ ಗಂಟುಮೂಟೆ ಬರಲು ಸುರುವಾಗುತ್ತದೆ. ಹಾಸ್ಟೆಲ್ ಖಾಲಿ ಮಾಡಿದ ಹುಡುಗನ ಪುಸ್ತಕದ ಡಬ್ಬಿ, ಕಂಪನಿ ಬದಲಿಸಿದವರ ಫ್ರಿಜ್, ಬಾಡಿಗೆ ಖೋಲಿ ಬಿಟ್ಟು ಊರಿಗೆ ಮರಳುವವರ ಭಾಂಡೆ, ಗಾದಿ, ಕೌದಿ. ‘ಪಾರ್ಸಲ್ ಹಾಕೀನಿ, ನಾಡದು ಮುಟ್ಟತದ’ ಎಂದು ಫೋನ್ ಬರುತ್ತದೆ. ಮುಟ್ಟುವುದೇನೋ ಬಹಳ ಸಲ ಮುಟ್ಟುತ್ತದೆ. ಆದರೆ ಹಾಕುವಾಗ ಹೇಳಿದ ರೊಕ್ಕ ಒಂದು, ಬಿಡಿಸಿಕೊಳ್ಳುವಾಗ ಎಣಿಸಿ ಕೊಟ್ಟ ರೊಕ್ಕ ಇನ್ನೊಂದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕೈಗೆ ಸಿಕ್ಕ ಬ್ಯಾಗ್ ಹಿಡಿದು ಊರು ಸೇರಿದವರು ಖೋಲಿಯಲ್ಲೇ ಬಿಟ್ಟ ಸಾಮಾನು ತರಿಸಲು ಪಟ್ಟ ಪಾಡು ಈ ಭಾಗದ ಜನ ಮರೆತಿಲ್ಲ. ಸಾಮಾನಿನ ಬೆಲೆಗಿಂತ ತರಿಸಿದ ಖರ್ಚೇ ಹೆಚ್ಚಾಯಿತು ಎನ್ನುವ ಮನೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಯಾರೋ ಮೋಸ ಮಾಡಿದರು ಎನ್ನುವುದು ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ, ಬಿಲ್ಟಿಯ ಹಿಂದುಗಡೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

‘ಟು ಪೇ’ ಅಂದ್ರ ಅಪ್ಪ ಕೊಡ್ತಾರ

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಸಾಮಾನು ಬುಕ್ ಮಾಡುವಾಗ ಮೊದಲು ಕೇಳುವ ಪ್ರಶ್ನೆ ‘ಪೇಡ್’ ಮಾಡ್ತೀರೋ ‘ಟು ಪೇ’ ಮಾಡ್ತೀರೋ ಎಂದು. ಕೈಯಲ್ಲಿ ರೊಕ್ಕ ಕಡಿಮೆ ಇದ್ದ ಹುಡುಗರು ‘ಟು ಪೇ’ ಅಂದುಬಿಡುತ್ತಾರೆ. ಅಂದರೆ ಭಾಡೆ ಕೊಡಬೇಕಾದವರು ಸಾಮಾನು ಪಡೆಯುವವರು. ಊರಲ್ಲಿರುವ ಅಪ್ಪನಿಗೆ ಇದು ಗೊತ್ತೇ ಇರುವುದಿಲ್ಲ. ಮೈಂದರ್ಗಿಯಿಂದಲೋ ಮಂದ್ರೂಪದಿಂದಲೋ ಎಸ್.ಟಿ. ಹತ್ತಿ ಸೊಲ್ಲಾಪುರದ ಗೋದಾಮಿಗೆ ಹೋದ ಮೇಲೆ ಕಾಗದ ಕೈಗೆ ಬರುತ್ತದೆ. ಭಾಡೆ, ಅದರ ಕೆಳಗೆ ಡಾಕೆಟ್ ಚಾರ್ಜ್, ಹಮಾಲಿ, ಡಿಲಿವರಿ ಚಾರ್ಜ್. ಎರಡು ದಿನ ತಡವಾಗಿ ಹೋಗಿದ್ದರೆ ಗೋದಾಮು ಭಾಡೆ, ಅಂದರೆ ಡಿಮರೇಜ್. ಅಲ್ಲಿಂದ ಊರಿಗೆ ಒಯ್ಯಲು ಟೆಂಪೊ ಬೇರೆ. ತಂದ ರೊಕ್ಕ ಸಾಲದೆ ಬರಿಗೈಲಿ ಮರಳಿದರೆ ಮರುದಿನ ಮತ್ತೊಂದು ದಿನದ ಡಿಮರೇಜ್ ಕೂಡುತ್ತದೆ.

ಆದ್ದರಿಂದ ಬುಕ್ ಮಾಡುವವರು ಕೇಳಬೇಕಾದ ಮಾತು ‘ಭಾಡೆ ಎಷ್ಟ್ರಿ’ ಎಂದಲ್ಲ. ‘ಸೊಲ್ಲಾಪುರದಾಗ ಬಿಡಿಸ್ಕೊಳ್ಳೂವಾಗ ಒಟ್ಟು ಎಷ್ಟ ಕೊಡಬೇಕಾಗ್ತದ, ಗೋದಾಮಿನಾಗ ಎಷ್ಟ ದಿನ ಪುಕ್ಕಟೆ ಇಡ್ತೀರಿ’ ಎಂದು. ಉತ್ತರವನ್ನು ಬಿಲ್ಟಿಯ ಮೇಲೇ ಬರೆಸಿಕೊಂಡರೆ ಇನ್ನೂ ಒಳ್ಳೇದು. ಆಗಿದ್ದರೆ ಪೂರಾ ‘ಪೇಡ್’ ಮಾಡಿ ಕಳಿಸಿ. ಊರಲ್ಲಿರುವ ಹಿರಿಯರನ್ನು ಗೋದಾಮಿನ ಕೌಂಟರಿನ ಮುಂದೆ ಲೆಕ್ಕ ಮಾಡುತ್ತ ನಿಲ್ಲಿಸುವುದು ಸರಿಯಲ್ಲ.

‘ಡೋರ್ ಡಿಲಿವರಿ’ ಎಂಬ ಶಬ್ದವನ್ನೂ ಒರೆಗೆ ಹಚ್ಚಿ ನೋಡಬೇಕು. ಲಾರಿ ಹೋಗುವ ರಸ್ತೆಯವರೆಗೆ ಮಾತ್ರ ಬಾಗಿಲು ಎಂದು ಲೆಕ್ಕ ಹಿಡಿಯುವವರಿದ್ದಾರೆ. ಕೊರಿಯರ್ ಕಂಪನಿಗಳಲ್ಲಿ ಇದಕ್ಕೆ ‘ಓಡಿಎ’ ಎಂಬ ಹೆಸರಿದೆ: ತಮ್ಮ ನಿತ್ಯದ ಓಡಾಟದ ಹೊರಗಿನ ಊರು ಎಂದರ್ಥ. ಸಂಖ, ಉಮದಿ, ನಾಗಣಸೂರ, ತಡವಳದಂಥ ಊರುಗಳು ದೊಡ್ಡ ಶಹರದಿಂದ ನೋಡಿದರೆ ಹೊರಗಿನವೇ. ಆ ಹೆಸರಲ್ಲಿ ಒಂದು ಮೊತ್ತ ಹೆಚ್ಚಿಗೆ ಹಾಕುತ್ತಾರೆ, ಇಲ್ಲವೇ ‘ತಾಲೂಕಿಗೆ ಬಂದು ಒಯ್ಯಿರಿ’ ಎಂದು ಫೋನ್ ಮಾಡುತ್ತಾರೆ. ಕೊರಿಯರಿನವರು ಹೇಳುವ ದರದ ಮೇಲೆ ಶೇ 18 ಜಿಎಸ್‌ಟಿ ಬೇರೆ ಎಂಬುದನ್ನೂ ಹೇಳುವವರು ಹೇಳುತ್ತಾರೆ, ಹೇಳದವರು ಬಿಲ್ಲಿನಲ್ಲಿ ತೋರಿಸುತ್ತಾರೆ.

ಕೌದಿಗೆ ಇಪ್ಪತ್ನಾಲ್ಕು ಕಿಲೊ

ನಮ್ಮ ಮಂದಿ ಮೋಸ ಹೋದೆವು ಎಂದುಕೊಳ್ಳುವ, ಆದರೆ ನಿಯಮದ ಪ್ರಕಾರವೇ ಇರುವ ಇನ್ನೊಂದು ಸಂಗತಿ ಅಳತೆಯ ತೂಕ. ಕೊರಿಯರಿನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಭಾಡೆ.

ಅವ್ವ ಹೊಲಿದು ಕೊಟ್ಟ ಎರಡು ಕೌದಿ, ಒಂದು ತಲೆದಿಂಬು ವಾಪಸ್ ಕಳಿಸುತ್ತೀರಿ ಎನ್ನೋಣ. ತಕ್ಕಡಿಯಲ್ಲಿ 9 ಕಿಲೊ. ಅಂಗಡಿಯಿಂದ ತಂದ ಖಾಲಿ ಡಬ್ಬಿ 60, 50, 40 ಸೆಂ.ಮೀ. ಗುಣಿಸಿದರೆ 1,20,000. ಐದು ಸಾವಿರದಿಂದ ಭಾಗಿಸಿ: 24 ಕಿಲೊ. ನೀವು ರೊಕ್ಕ ಕೊಟ್ಟದ್ದು ಒಳಗಿನ ಗಾಳಿಗೆ. ಅದೇ ಕೌದಿಗಳನ್ನು ಗೋಣಿ ತಟ್ಟಿನಲ್ಲಿ ಒತ್ತಿ, ಹುರಿಯಿಂದ ಬಿಗಿದು 60, 40, 20 ಅಳತೆಗೆ ತಂದರೆ 9.6 ಕಿಲೊ ಆಗುತ್ತದೆ. ಸಂತೆಯಲ್ಲಿ ಗಂಟು ಕಟ್ಟಿ ಗೊತ್ತಿದ್ದ ನಮ್ಮ ಹಿರಿಯರಿಗೆ ಈ ಸೂತ್ರ ಹೇಳಿಕೊಡುವ ಅಗತ್ಯವೇ ಇದ್ದಿಲ್ಲ.

ಪುಸ್ತಕ ಇದಕ್ಕೆ ಉಲ್ಟಾ. ಸಣ್ಣ ಡಬ್ಬಿ, ಭಾರೀ ತೂಕ. ಬಿ.ಎ., ಬಿ.ಕಾಂ. ಮುಗಿಸಿದವರ ಪುಸ್ತಕ ತಮ್ಮ–ತಂಗಿಗೆ ಬೇಕಾಗುತ್ತವೆ. ಅಂಚೆ ಇಲಾಖೆ 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಎಂಬ ಸೇವೆ ತಂದಿತು. ಓದುವ, ಕಲಿಯುವ ಅಚ್ಚಾದ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊವರೆಗೆ 100 ರೂಪಾಯಿ ಎಂದು ಸುರುವಾದ ದರ, ಮೇಲೆ ತೆರಿಗೆ. ರಸ್ತೆ–ರೈಲಿನ ಮೂಲಕ ಹೋಗುವುದರಿಂದ ನಿಧಾನ. ಒಳಗೆ ಒಂದು ಚಾರ್ಜರ್, ಒಂದು ಟಿಫಿನ್ ಡಬ್ಬಿ ಸೇರಿಸಿದರೆ ಈ ದರ ಇಲ್ಲ. ಇಷ್ಟು ಅಗ್ಗದ ದಾರಿ ಇರುವುದು ಗಡಿಭಾಗದ ಬಹಳ ಮಂದಿಗೆ ಗೊತ್ತೇ ಇಲ್ಲ. ಅಂಚೆಯ ಇನ್ನೊಂದು ಗುಣ, ಸಣ್ಣ ಹಳ್ಳಿಯ ಶಾಖೆಯವರೆಗೂ ಅದು ಹೋಗುತ್ತದೆ.

ಕಳೆದ್ರ ಸಿಗೂದೆಷ್ಟು?

ಭಾಡೆಯ ಲೆಕ್ಕಕ್ಕಿಂತ ದೊಡ್ಡ ಪೆಟ್ಟು ಇಲ್ಲಿದೆ. ಫ್ರಿಜ್ ಒಡೆಯಿತು, ಡಬ್ಬಿ ಕಾಣೆಯಾಯಿತು ಎಂದಾಗ ‘ಪೂರಾ ಬೆಲೆ ಕೊಡ್ರಿ’ ಎನ್ನುವುದು ಸಹಜ. ಕಾನೂನು ಹಾಗೆ ಹೇಳುವುದಿಲ್ಲ.

ಲಾರಿ ಟ್ರಾನ್ಸ್‌ಪೋರ್ಟಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಇದೆ, 2011ರಲ್ಲಿ ಜಾರಿಗೆ ಬಂತು. ಬುಕ್ ಮಾಡುವಾಗ ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಡದಿದ್ದರೆ, ಅವರ ಜವಾಬ್ದಾರಿ ಭಾಡೆಯ ಹತ್ತು ಪಟ್ಟಿನವರೆಗೆ ಮಾತ್ರ. 18,000 ರೂಪಾಯಿಯ ಫ್ರಿಜ್‌ಗೆ 400 ರೂಪಾಯಿ ಭಾಡೆ ಕೊಟ್ಟಿದ್ದರೆ ನಿಮ್ಮ ಹಕ್ಕು 4,000ಕ್ಕೆ ಮುಗಿಯಿತು. ‘ಓನರ್ಸ್ ರಿಸ್ಕ್’ ಎಂಬ ಸಿಕ್ಕೆ ಹೊಡೆದಿದ್ದಾರೋ ‘ಕ್ಯಾರಿಯರ್ಸ್ ರಿಸ್ಕ್’ ಎಂದು ಬರೆದಿದ್ದಾರೋ, ಬಿಲ್ಟಿ ಕೈಗೆ ಬಂದ ಕೂಡಲೇ ನೋಡಬೇಕು.

ರೈಲಿನದೂ ಇದೇ ಕಥೆ. ಬೆಲೆ ಘೋಷಿಸದೆ ಬುಕ್ ಮಾಡಿದ ಪಾರ್ಸಲ್ ಕಳೆದರೆ ನಿಯಮದ ಮಿತಿ ಕಿಲೊಗೆ 50 ರೂಪಾಯಿ. ಪ್ರಯಾಣಿಕರ ಹೆಸರಲ್ಲಿ ಬುಕ್ ಆದ ಲಗೇಜ್‌ಗೆ ಕಿಲೊಗೆ 100. ಮೂವತ್ತು ಕಿಲೊ ಡಬ್ಬಿಯಲ್ಲಿ ನಲವತ್ತು ಸಾವಿರದ ಲ್ಯಾಪ್‌ಟಾಪ್ ಇದ್ದರೂ ಲೆಕ್ಕ ಸಾವಿರದ ಐನೂರಕ್ಕೆ ನಿಲ್ಲುತ್ತದೆ. ಈ ದರ 1990ರ ನಿಯಮದ್ದು. ಆವತ್ತಿನ ಐವತ್ತು ರೂಪಾಯಿಗೆ ಏನೆಲ್ಲ ಬರುತ್ತಿತ್ತು ಎಂದು ಹಿರಿಯರನ್ನು ಕೇಳಿ. ಫಾರ್ಮ್‌ನಲ್ಲಿ ಬೆಲೆ ಬರೆದು, ಅದಕ್ಕೆ ತಕ್ಕ ಶೇಕಡಾ ಶುಲ್ಕ ಕಟ್ಟಿದರೆ ಮಾತ್ರ ಮಿತಿ ಏರುತ್ತದೆ. ಸ್ಪೀಡ್ ಪೋಸ್ಟ್ ಕಳೆದರೆ ನಿಯಮದಲ್ಲಿ ಬಹುಕಾಲದಿಂದ ಇರುವ ಪರಿಹಾರ, ಕೊಟ್ಟ ಶುಲ್ಕದ ದುಪ್ಪಟ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಕಡಿಮೆ ಇರುವುದು. ಬೆಲೆಬಾಳುವ ವಸ್ತು ಇದ್ದರೆ ವಿಮೆ ಮಾಡಿಸಿಯೇ ಹಾಕಬೇಕು. (2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ.)

ಪ್ಯಾಕರ್ಸ್–ಮೂವರ್ಸ್ ಬಿಲ್ಲಿನಲ್ಲಿ ‘ಇನ್ಶುರನ್ಸ್’ ಎಂದು ಒಂದು ಸಾಲು ಇರುತ್ತದೆ. ಶೇಕಡಾ ಲೆಕ್ಕದಲ್ಲಿ ರೊಕ್ಕ ತೊಗೊಳ್ಳುತ್ತಾರೆ, ಪಾಲಿಸಿ ಎಲ್ಲಿ ಎಂದರೆ ಮಾತು ಬದಲಿಸುವವರಿದ್ದಾರೆ. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇಲ್ಲದ ವಿಮೆ ವಿಮೆಯಲ್ಲ. ಫೋನಿನಲ್ಲಿ ತೀರ ಕಡಿಮೆ ದರ ಹೇಳಿ, ಸಾಮಾನು ಲಾರಿ ಏರಿದ ಮೇಲೆ ‘ಇನ್ನಷ್ಟು ಹಾಕಿದ್ರ ಮಾತ್ರ ಇಳಸ್ತೀವಿ’ ಎನ್ನುವ ಟೋಳಿಗಳ ಬಗ್ಗೆ ಎಲ್ಲ ಶಹರಗಳಲ್ಲೂ ತಕರಾರುಗಳಿವೆ. ಅವರು ಕೊಟ್ಟ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪುಕ್ಕಟೆ ನೋಡಬಹುದು. ಬೋರ್ಡಿನ ಮೇಲಿನ ಹೆಸರು, ಪೋರ್ಟಲಿನ ಹೆಸರು ಬೇರೆ ಬೇರೆ ಬಂದರೆ ಅಲ್ಲಿಂದ ಎದ್ದು ಬರಬೇಕು.

ಖಾಸಗಿ ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ಹಾಕುವ ಡಬ್ಬಿಗಳದು ಇನ್ನೊಂದು ರೀತಿ. ಕ್ಲೀನರ್‌ನ ಮೊಬೈಲ್ ನಂಬರ್ ಒಂದೇ ಪಾವತಿ. ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಳಿಸಲು ಅದು ನಡೆಯುತ್ತದೆ. ಲ್ಯಾಪ್‌ಟಾಪ್ ಕಳಿಸಲು ನಡೆಯುವುದಿಲ್ಲ. ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ 2021ರಲ್ಲಿ ಸುರುವಾದ ‘ನಮ್ಮ ಕಾರ್ಗೊ’ದಲ್ಲಿ ರಸೀದಿ ಕೊಡುತ್ತಾರೆ. ಕಲಬುರ್ಗಿ, ವಿಜಯಪುರದವರೆಗೆ ತರಿಸಿಕೊಂಡು ಅಲ್ಲಿಂದ ತರುವುದು ಗಡಿಯ ಎಷ್ಟೋ ಊರಿಗೆ ಸಮೀಪವೇ.

ಹೆಸರಲ್ಲಿ ಊರು, ಊರಲ್ಲಿ ಸ್ಟೇಶನ್ ಇಲ್ಲ

ರೈಲಿನಲ್ಲಿ ಪಾರ್ಸಲ್ ಹಾಕುವ ಹೊರಗಿನವರು ನಕಾಶೆ ನೋಡಿ ‘ಅಕ್ಕಲಕೋಟ ರೋಡ್’, ‘ಜತ್ತ ರೋಡ್’ ಎಂದು ಖುಷಿಪಡುತ್ತಾರೆ. ಅಕ್ಕಲಕೋಟ ರೋಡ್ ಸ್ಟೇಶನ್ನಿನಿಂದ ಅಕ್ಕಲಕೋಟ ಹತ್ತು ಹನ್ನೆರಡು ಕಿ.ಮೀ. ಜತ್ತ ರೋಡ್ ಇರುವುದು ಮಿರಜ–ಪಂಢರಪುರ ಲೈನಿನಲ್ಲಿ, ಜತ್ತ ಪೇಟೆಯಿಂದ ಅದಕ್ಕೂ ದೂರ. ಗಾಡಿ ಕ್ಷಣ ಹೊತ್ತು ನಿಲ್ಲುವ ಸಣ್ಣ ಸ್ಟೇಶನ್ನಿನಲ್ಲಿ ಭಾರೀ ಪಾರ್ಸಲ್ ಇಳಿಸುವುದು ಆಗದ ಮಾತು. ಹಾಗಾಗಿ ಸೊಲ್ಲಾಪುರ, ಕಲಬುರ್ಗಿ, ಮಿರಜ ಇಂಥ ದೊಡ್ಡ ಸ್ಟೇಶನ್ನಿಗೇ ಬುಕ್ ಆಗುತ್ತದೆ. ಮುಂದಿನ ಟೆಂಪೊ ಖರ್ಚನ್ನು ಮೊದಲೇ ಕೂಡಿಸಿಕೊಳ್ಳಬೇಕು. ಬಂದ ಪಾರ್ಸಲನ್ನು ಪುಕ್ಕಟೆ ಇಡುವುದು ಕೆಲವೇ ತಾಸು, ಆಮೇಲೆ ವಾರ್ಫೇಜ್ ಎಂಬ ಮೀಟರ್ ಓಡುತ್ತದೆ.

ಆದರೆ ರೈಲಿನಲ್ಲಿ ಪುಕ್ಕಟೆ ಸಿಗುವುದನ್ನು ನಾವು ಬಿಡುತ್ತಿದ್ದೇವೆ. ಸ್ಲೀಪರ್ ಟಿಕೆಟ್‌ಗೆ 40 ಕಿಲೊ, ಸೆಕೆಂಡ್ ಕ್ಲಾಸ್‌ಗೆ 35 ಕಿಲೊ ಸಾಮಾನು ಉಚಿತ. ನಾಲ್ಕು ಜನರ ಕುಟುಂಬ ಸ್ಲೀಪರಿನಲ್ಲಿ ಬಂದರೆ 160 ಕಿಲೊ. ಪೆಟ್ಟಿಗೆಯ ಅಳತೆ 100, 60, 25 ಸೆಂ.ಮೀ. ಮೀರಬಾರದು ಅಷ್ಟೆ. ಹೆಚ್ಚಿಗೆ ಇದ್ದರೆ ಲಗೇಜ್ ಆಫೀಸಿನಲ್ಲಿ ಮೊದಲೇ ಬುಕ್ ಮಾಡಿ, ಲಗೇಜ್ ದರದ ಒಂದೂವರೆ ಪಟ್ಟು ಆಗುತ್ತದೆ. ಬುಕ್ ಮಾಡದೆ ಸಿಕ್ಕಿಬಿದ್ದರೆ ಆರು ಪಟ್ಟು. ಪುಣೆಯಿಂದ ಸೊಲ್ಲಾಪುರಕ್ಕೆ ಖಾಲಿ ಕೈ ಬೀಸಿಕೊಂಡು ಬಂದು, ಹಿಂದಿನಿಂದ ಪಾತ್ರೆಗಳನ್ನು ಪಾರ್ಸಲ್ ಮಾಡಿಸುವುದು ಯಾವ ಲೆಕ್ಕ ಎಂದು ಬಿ.ಕಾಂ. ಓದಿದ ನನಗಂತೂ ತಿಳಿದಿಲ್ಲ.

ಜಕಾತಿ ಹೋಗಿ ವರ್ಷಗಳಾದವು

ಸೊಲ್ಲಾಪುರದ ಹಳಬರಿಗೆ ಜಕಾತಿ ನಾಕಾ ನೆನಪಿರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಜಕಾತಿ, ಪ್ರವೇಶ ತೆರಿಗೆ ಎರಡೂ ಇಲ್ಲ. ಆದರೂ ಕೆಲವು ಲಾರಿಯವರ ಚೀಟಿಯಲ್ಲಿ ‘ನಾಕಾ ಖರ್ಚು’, ‘ಬಾರ್ಡರ್ ಖರ್ಚು’ ಎಂಬ ಸಾಲು ಉಳಿದಿರುತ್ತದೆ. ರಾಜ್ಯದ ಗಡಿ ದಾಟುತ್ತದೆ ಎಂದ ಕೂಡಲೇ ನಮ್ಮವರು ಹೆದರಿ ಕೊಟ್ಟುಬಿಡುತ್ತಾರೆ. ಯಾವುದರ ಪಾವತಿ ಎಂದು ಕೇಳಿ. ಪಾವತಿ ಇಲ್ಲವಾದರೆ ಕೊಡುವ ಕಾರಣವೂ ಇಲ್ಲ.

ಇ–ವೇ ಬಿಲ್ ಹೆಸರಿನಲ್ಲೂ ಹೀಗೇ ಹೆದರಿಸುವುದುಂಟು. ಬಳಸಿದ ಸ್ವಂತ ಹಾಗೂ ಮನೆಬಳಕೆಯ ಸಾಮಾನಿಗೆ ಇ–ವೇ ಬಿಲ್ ಬೇಡ ಎಂದು ಜಿಎಸ್‌ಟಿ ನಿಯಮದ ಪಟ್ಟಿಯಲ್ಲೇ ಇದೆ. ಸಾಮಾನಿನ ಯಾದಿ ಮಾಡಿ, ‘ಬಳಸಿದ ಮನೆ ಸಾಮಾನು, ಮಾರಾಟಕ್ಕಲ್ಲ’ ಎಂದು ಬರೆದು ಸಹಿ ಮಾಡಿ ಒಂದು ಪ್ರತಿ ಡ್ರೈವರ್ ಕೈಗೆ, ಒಂದು ನಿಮ್ಮ ಹತ್ತಿರ ಇರಲಿ. ಹೊಸ ಟಿ.ವಿ., ಹೊಸ ವಾಷಿಂಗ್ ಮಷಿನ್ ನಡುವೆ ಸೇರಿದ್ದರೆ ಅದರ ಬಿಲ್ ಬೇಕು.

ಬೈಕ್, ಗ್ಯಾಸ್, ಹಳೆ ಮಂಚ

ಬೆಂಗಳೂರಿನಲ್ಲಿ ತೊಗೊಂಡ ಕೆ.ಎ. ನಂಬರಿನ ಬೈಕನ್ನು ರೈಲಿಗೆ ಹಾಕುವಾಗ ಪೆಟ್ರೋಲ್ ಪೂರ್ತಿ ತೆಗೆಯಬೇಕು, ಆರ್.ಸಿ. ಪ್ರತಿ ಕೊಡಬೇಕು, ಗೋಣಿ ಸುತ್ತಿಸಬೇಕು. ಸುತ್ತುವವರು ರೈಲ್ವೆಯ ನೌಕರರಲ್ಲ, ದರ ಅವರ ಬಾಯಿಗೆ ಬಂದದ್ದು. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಮಹಾರಾಷ್ಟ್ರದಲ್ಲಿ ಓಡಿಸುವುದಾದರೆ ಇಲ್ಲಿಯ ನೋಂದಣಿ ಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಸಾಲ ಇದ್ದರೆ ಫೈನಾನ್ಸ್‌ನವರ ಒಪ್ಪಿಗೆ, ಇಲ್ಲಿಯ ತೆರಿಗೆ. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದದ್ದನ್ನು ವಾಪಸ್ ಕೇಳಿ ಅರ್ಜಿ ಹಾಕುವುದು ಬೇರೆ ತಿರುಗಾಟ. ಎಂಟು ಹತ್ತು ವರ್ಷದ ಬೈಕ್ ಆದರೆ ಅಲ್ಲೇ ಮಾರಿ ಬರುವುದು ಲೇಸು.

ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹೇರಲೇಬಾರದು. ಅಪಾಯದ ಮಾತು. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿದರೆ ವರ್ಗಾವಣೆ ಚೀಟಿ ಕೊಡುತ್ತಾರೆ, ಕಟ್ಟಿದ ಡಿಪಾಸಿಟ್ ಮರಳುತ್ತದೆ. ಆದರೆ ಮರಳುವುದು ಆವತ್ತು ಕಟ್ಟಿದ ಮೊತ್ತ, ಊರಿನ ಏಜೆನ್ಸಿಯಲ್ಲಿ ಕಟ್ಟಬೇಕಾದದ್ದು ಇವತ್ತಿನ ಡಿಪಾಸಿಟ್.

ಮಂಚ, ಪ್ಲೈವುಡ್ ಕಪಾಟು, ಕೂಲರ್ ಇವುಗಳನ್ನು ಊರಿಗೆ ತರಬೇಡಿ ಎಂದೇ ನನ್ನ ಸಲಹೆ. ಬಿಚ್ಚಿ ಜೋಡಿಸುವಷ್ಟರಲ್ಲಿ ಪ್ಲೈವುಡ್ಡಿನ ಸ್ಕ್ರೂ ಹಿಡಿಯುವುದಿಲ್ಲ. ತಾಮ್ರದ ಹಂಡೆ, ಹಿತ್ತಾಳೆ ಕೊಡ, ಹೊಲಿಗೆ ಮಷಿನ್ ಇದ್ದರೆ ಮಾತು ಬೇರೆ. ಅವು ಒಡೆಯುವುದಿಲ್ಲ, ಬೆಲೆಯೂ ಇಳಿಯುವುದಿಲ್ಲ.

ಪರದೇಶದ ಡಬ್ಬಿ

ದುಬೈ, ಮಸ್ಕತ್, ಜರ್ಮನಿಯಲ್ಲಿ ಇರುವ ಮಕ್ಕಳು ಈಗ ಈ ಭಾಗದಲ್ಲೂ ಇದ್ದಾರೆ. ಅಲ್ಲಿಂದ ‘ಡೋರ್ ಟು ಡೋರ್’ ಕಾರ್ಗೊ ಎಂದು ಕಿಲೊ ಲೆಕ್ಕದಲ್ಲಿ ದರ ಹೇಳುತ್ತಾರೆ. ಕಸ್ಟಮ್ಸ್ ಸುಂಕ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರಹದಲ್ಲಿ ಪಡೆಯಬೇಕು. ವಿಮಾನದಲ್ಲಿ ಮನುಷ್ಯನ ಜೊತೆ ಬರುವ ಬ್ಯಾಗಿಗೆ ಇರುವ ಸುಂಕ ಮಾಫಿಯ ಮಿತಿ, ಹಿಂದಿನಿಂದ ಹಡಗಿನಲ್ಲಿ ಬರುವ ಡಬ್ಬಿಗೆ ಸಿಗುವುದಿಲ್ಲ. ಬಳಸಿದ ಬಟ್ಟೆಬರೆ, ಸ್ವಂತದ ಸಣ್ಣ ಸಾಮಾನಿಗೆ ಮಾತ್ರ ತೊಂದರೆ ಇಲ್ಲ. ಫ್ಲ್ಯಾಟ್ ಟಿ.ವಿ.ಗೆ ಇದ್ದ ಮಾಫಿಯನ್ನು 2013ರ ಆಗಸ್ಟ್ 26ರಿಂದ ತೆಗೆದರು.

ಅಕ್ಕನಿಗೊಂದು ಮೊಬೈಲ್, ಮಾವನಿಗೊಂದು ವಾಚ್ ಎಂದು ಅಂಚೆಯಲ್ಲಿ ‘ಗಿಫ್ಟ್’ ಬರೆದು ಕಳಿಸಿದರೆ 5,000 ರೂಪಾಯಿವರೆಗೆ ಸುಂಕ ಇಲ್ಲ ಎಂದು ಇನ್ನೂ ನಂಬಿದವರಿದ್ದಾರೆ. ಅದು 2019ರ ಡಿಸೆಂಬರಿನಲ್ಲೇ ನಿಂತಿತು. ಜೀವರಕ್ಷಕ ಔಷಧಿ, ರಾಖಿ ಇವೆರಡಕ್ಕೆ ಮಾತ್ರ ವಿನಾಯಿತಿ. ರಾಖಿಯ ಜೊತೆ ಇಟ್ಟ ಉಡುಗೊರೆಗೂ ಇಲ್ಲ. ಕಳಿಸಿದವರು ಪ್ರೀತಿಯಿಂದ ಕಳಿಸುತ್ತಾರೆ, ಸುಂಕ ಕಟ್ಟುವವರು ಅಕ್ಕ–ಮಾವ.

ಕಾಗದಪತ್ರ ಡಬ್ಬಿಯೊಳಗ ಬ್ಯಾಡ

ಎಲ್ಲಕ್ಕಿಂತ ಮುಖ್ಯವಾದದ್ದು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ ಇರುವ ಫೈಲನ್ನು ಪುಸ್ತಕದ ನಡುವೆ ಇಟ್ಟುಬಿಡುವುದು ಸಾಮಾನ್ಯ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ಅರ್ಹತೆಗೆ ಗುರುತಿಸಿದ ಮಹಾರಾಷ್ಟ್ರದ ತಾಲೂಕುಗಳಲ್ಲಿ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಇವೆ. ದಾಖಲೆ ಪರಿಶೀಲನೆಯ ದಿನ ಮೂಲ ಪ್ರತಿ ಬೇಕು. ಡಬ್ಬಿ ಯಾವುದೋ ಗೋದಾಮಿನಲ್ಲಿ ಹದಿನೈದು ದಿನ ಕೂತರೆ ಸೀಟು ಕಾಯುವುದಿಲ್ಲ. ಕಳೆದೇ ಹೋದರೆ ಪೊಲೀಸ್ ತಕರಾರು, ಅಫಿಡವಿಟ್, ಬೋರ್ಡಿಗೆ ಅರ್ಜಿ. ಕಿಲೊಗೆ ಐವತ್ತು ರೂಪಾಯಿ ಲೆಕ್ಕದಲ್ಲಿ ಒಂದು ಮಾರ್ಕ್ಸ್ ಕಾರ್ಡಿನ ಬೆಲೆ ಎಷ್ಟಾಯಿತು, ನೀವೇ ಹೇಳಿ. ಹೊಲದ ಸಾತ್‌ಬಾರಾ ಉತಾರ ಮತ್ತೆ ತೆಗೆಸಬಹುದು, ಮೂಲ ಖರೀದಿ ಖತ ಹಾಗಲ್ಲ. ಇವು, ಬಂಗಾರ, ನಗದು ಇವೆಲ್ಲ ಮೈಮೇಲಿನ ಚೀಲದಲ್ಲೇ ಬರಬೇಕು. ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗಳನ್ನು ಹೊರಡುವ ಮೊದಲೇ ತೆಗೆದಿಟ್ಟುಕೊಳ್ಳಿ.

ವಿಳಾಸದ್ದೂ ಒಂದು ಮಾತು. ಒಂದೇ ಹೆಸರಿನ ಊರು ಗಡಿಯ ಆಚೆ ಒಂದು, ಈಚೆ ಒಂದು ಇರುವುದು ನಮಗೆ ಹೊಸದಲ್ಲ. ಪಾರ್ಸಲ್ ಓಡುವುದು ಪಿನ್ ಕೋಡ್ ಮೇಲೆ. ಮಹಾರಾಷ್ಟ್ರದ್ದು 4ರಿಂದ, ಕರ್ನಾಟಕದ್ದು 5ರಿಂದ ಸುರು. ಸೊಲ್ಲಾಪುರ ಕಡೆ 413, ಜತ್ತ ಕಡೆ 416, ಕಲಬುರ್ಗಿ 585, ವಿಜಯಪುರ 586. ಕನ್ನಡದಲ್ಲಿ ವಿಳಾಸ ಬರೆಯುವ ಅಭಿಮಾನ ಇರಲಿ, ಇರಲೇಬೇಕು. ಆದರೆ ಪುಣೆಯ ಸಾರ್ಟಿಂಗ್ ಆಫೀಸಿನಲ್ಲಿ ಅದನ್ನು ಓದುವವರು ಇರಬೇಕಲ್ಲ. ಮೇಲೆ ಇಂಗ್ಲಿಷ್ ಅಥವಾ ಮರಾಠಿ, ಕೆಳಗೆ ಕನ್ನಡ, ಜೊತೆಗೆ ಎರಡು ಫೋನ್ ನಂಬರ್. ಇದೇ ಚೀಟಿಯ ಇನ್ನೊಂದು ಪ್ರತಿ ಡಬ್ಬಿಯ ಒಳಗೂ ಇರಲಿ, ಹೊರಗಿನದು ಹರಿದರೆ ಇದು ಊರು ತೋರಿಸುತ್ತದೆ.

ತಕರಾರು ಎಲ್ಲಿ?

ಬೆಂಗಳೂರಿನಲ್ಲಿ ಬುಕ್ ಮಾಡಿದ್ದಕ್ಕೆ ಬೆಂಗಳೂರಿಗೇ ಹೋಗಿ ಕೇಸ್ ಹಾಕಬೇಕು ಎಂದು ಹೇಳಿ ಕಳಿಸುವ ಟ್ರಾನ್ಸ್‌ಪೋರ್ಟಿನವರ ಮಾತು ನಂಬಬೇಡಿ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಕ್ಕಲಕೋಟದವರಿಗೆ ಸೊಲ್ಲಾಪುರ, ಜತ್ತದವರಿಗೆ ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಫೀ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ಎಷ್ಟೋ ಸಲ ಮಾತಿನಲ್ಲೇ ಬಗೆಹರಿಯುತ್ತದೆ. ಆದರೆ ಲಾರಿ ಸಾಗಣೆಯ ನಷ್ಟಕ್ಕೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಮುಟ್ಟಿಸಿರಬೇಕು. ರೈಲಿನದಾದರೆ ಆರು ತಿಂಗಳೊಳಗೆ ರೈಲ್ವೆಗೆ ಕ್ಲೇಮು ಕೊಡಬೇಕು. ‘ನಾಳೆ ನೋಡ್ತೀವಿ, ನಾಡದು ಬರ್ರಿ’ ಎಂದು ದಿನ ತಳ್ಳುವುದು ಈ ಗಡುವು ದಾಟಿಸಲಿಕ್ಕೇ ಎಂದು ತಿಳಿಯಿರಿ.

ಸಾಮಾನು ಬಿಡಿಸಿಕೊಳ್ಳುವಾಗ ಬಿಲ್ಟಿಯ ಮೂಲ ಪ್ರತಿಯನ್ನು ಅವರು ತೊಗೊಳ್ಳುತ್ತಾರೆ. ಕೊಡುವ ಮೊದಲು ಎರಡೂ ಮಗ್ಗಲು ಫೋಟೊ ಹೊಡೆದುಕೊಳ್ಳಿ. ಡಬ್ಬಿ ಜಜ್ಜಿದ್ದರೆ, ಹುರಿ ಬಿಚ್ಚಿದ್ದರೆ, ‘ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕಬೇಡಿ. ಏನು ಜಜ್ಜಿದೆ ಎಂಬುದನ್ನು ಅದೇ ಕಾಗದದ ಮೇಲೆ ಕೈಯಿಂದ ಬರೆದು, ಆಮೇಲೆ ಸಹಿ ಹಾಕಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.